ಬೆನ್ನುಹುರಿ: ಬಳಸುವ ಮುನ್ನ ಓದಿಕೊಳ್ಳಿ



ಈ ಉಪಕರಣವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ ಹೇಳುವುದು ಕೈಪಿಡಿಗಳ ಸಂಪ್ರದಾಯ. ಆದರೆ ನೀವೇನೂ ಆರಿಸಿಕೊಂಡಿಲ್ಲ, ನಾವೂ ಬೇರೆ ಮಾದರಿ ತೋರಿಸಿಲ್ಲ. ನೀವು ಹುಟ್ಟುವ ಎಷ್ಟೋ ತಿಂಗಳ ಮೊದಲೇ ಇದನ್ನು ಅಳವಡಿಸಿ, ಚಾಲೂ ಮಾಡಿ, ತಾಯಿಯ ಹೊಟ್ಟೆಯೊಳಗೆ ಒಂದಷ್ಟು ಒದೆಸಿ ನೋಡಿಯೂ ಆಗಿದೆ. ಹಾಗಾಗಿ ‘ಬಳಸುವ ಮುನ್ನ’ ಎಂಬ ಮಾತು ಶಾಸ್ತ್ರಕ್ಕಷ್ಟೇ. ಮಿಕ್ಸಿಯ ಪುಸ್ತಕವನ್ನು ಮಿಕ್ಸಿ ಕೆಟ್ಟ ದಿನ ಹುಡುಕುವ ಜನ ನಾವು. ಕೈಪಿಡಿ ತಡವಾಯಿತೆಂದು ಯಾರೂ ದೂರಲಾರರು.

ಪೆಟ್ಟಿಗೆಯಲ್ಲಿ ಏನೇನಿದೆ

ಬೆನ್ನುಮೂಳೆಯ ಮಣಿಗಳ ನಡುವಿನ ಕೊಳವೆಯಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದದ, ಕಿರುಬೆರಳಿನ ದಪ್ಪದ, ತಕ್ಕಡಿಗೆ ಹಾಕಿದರೆ 35 ಗ್ರಾಂ ಆಸುಪಾಸು ತೂಗುವ ಒಂದು ಹುರಿ. ಮೇಲ್ತುದಿ ಮಿದುಳಿಗೆ ಜೋಡಿಸಿದೆ. ಬದಿಗಳಿಂದ 31 ಜೊತೆ ನರಗಳು ಹೊರಟು ಕುತ್ತಿಗೆಯಿಂದ ಕೆಳಗಿನ ಇಡೀ ಮೈಗೆ ಹರಡಿಕೊಂಡಿವೆ. ಹುರಿ ಬೆನ್ನಿನ ಕೊನೆಯವರೆಗೂ ಇಳಿದಿದೆ ಎಂದುಕೊಂಡ ಗ್ರಾಹಕರೇ ಹೆಚ್ಚು. ಇಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಎರಡು ಮಣಿಗಳ ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇಳಿಬಿದ್ದಿರುವುದು ನರದ ಬೇರುಗಳ ಗೊಂಚಲು ಮಾತ್ರ. ಅಂಗರಚನಾಶಾಸ್ತ್ರದವರು ಅದಕ್ಕೆ ಕುದುರೆ ಬಾಲ ಎಂದು ಹೆಸರಿಟ್ಟಿದ್ದಾರೆ. ಸಿಸೇರಿಯನ್‌ಗೆ ಮುನ್ನ ಅರಿವಳಿಕೆ ವೈದ್ಯರು ಸೂಜಿ ಚುಚ್ಚಲು ಅಷ್ಟು ಕೆಳಗೆ ಜಾಗ ಹುಡುಕುವುದು ಇದೇ ಕಾರಣಕ್ಕೆ. ಅಲ್ಲಿ ಸೂಜಿಗೆ ಸಿಕ್ಕಿ ಹಾಳಾಗಲು ಹುರಿಯೇ ಇಲ್ಲ.

ಇನ್ನು ಸಂಪರ್ಕ. ಸುದ್ದಿ ಒಳಗೆ ಬರುವುದು ಹಿಂಬದಿಯ ಬೇರಿನಿಂದ, ಆದೇಶ ಹೊರಗೆ ಹೋಗುವುದು ಮುಂಬದಿಯ ಬೇರಿನಿಂದ. ಇದನ್ನು ಲಂಡನ್ನಿನ ಚಾರ್ಲ್ಸ್ ಬೆಲ್ 1811ರಲ್ಲಿ ಅರ್ಧ ಹೇಳಿದ, ಪ್ಯಾರಿಸ್ಸಿನ ಫ್ರಾನ್ಸ್ವಾ ಮಜಾಂಡಿ 1822ರಲ್ಲಿ ಪೂರ್ತಿ ತೋರಿಸಿದ. ಆಮೇಲೆ ಯಾರು ಮೊದಲು ಎಂದು ದೊಡ್ಡ ಜಗಳವಾಯಿತು. ನಿಯಮಕ್ಕೆ ಇಬ್ಬರ ಹೆಸರನ್ನೂ ಇಟ್ಟು ರಾಜಿ ಮಾಡಲಾಗಿದೆ. ಹಿಂಬಾಗಿಲಿನಿಂದ ಬಂದವರ ಕೆಲಸ ಬೇಗ ಆಗುತ್ತದೆ ಎಂಬುದು ನಮ್ಮ ಗ್ರಾಹಕರಿಗೆ ಹೊಸ ಸಂಗತಿಯೇನಲ್ಲ.

ಒಳಗೆ ಬಂದ ಸುದ್ದಿಗೂ ಹೊರಗೆ ಹೋಗುವ ಆದೇಶಕ್ಕೂ ನಡುವೆ ಮಧ್ಯವರ್ತಿ ನರಕೋಶಗಳ ದೊಡ್ಡ ಗುಂಪು ಕೂತಿದೆ. ಮಧ್ಯವರ್ತಿ ಎಂದ ಕೂಡಲೇ ಎಪಿಎಂಸಿ ನೆನಪಾಗಿ ಹುಬ್ಬು ಗಂಟಿಕ್ಕಬೇಡಿ. ಇಲ್ಲಿ ಅವರಿಲ್ಲದೆ ವ್ಯವಹಾರ ಕೆಡುತ್ತದೆ. ಅವರಲ್ಲಿ ಬಹಳ ಮಂದಿಯ ಉದ್ಯೋಗ ‘ಬೇಡ, ನಿಲ್ಲು’ ಎನ್ನುವುದು, ಅಷ್ಟೇ. ಈ ಉಪಕರಣದ ಜಾಣತನವೆಲ್ಲ ಆ ‘ಬೇಡ’ದಲ್ಲಿದೆ ಎಂಬುದು ಕೈಪಿಡಿ ಬರೆದವರ ಸ್ವಂತ ಅಭಿಪ್ರಾಯ. ತಯಾರಕರು ಈ ಬಗ್ಗೆ ಏನೂ ಹೇಳಿಲ್ಲ.

ಎಚ್ಚರಿಕೆ: ಉಪಕರಣ ನಿಮ್ಮ ಅಪ್ಪಣೆ ಕೇಳುವುದಿಲ್ಲ

ಒಲೆಯ ಮೇಲಿನ ಹಾಲಿನ ಪಾತ್ರೆಯನ್ನು ಇಕ್ಕಳ ಮರೆತು ಬರಿಗೈಯಲ್ಲಿ ಮುಟ್ಟಿದಿರಿ ಎನ್ನಿ. ಮುಂದಿನದನ್ನು ಕ್ರಮವಾಗಿ ಗಮನಿಸಿ. ಕೈ ಹಿಂದಕ್ಕೆ ಬರುತ್ತದೆ. ಬಳಿಕ ‘ಸುಟ್ಟಿತು’ ಎಂದು ನಿಮಗೆ ತಿಳಿಯುತ್ತದೆ. ಆಮೇಲೆ ಬಾಯಿಂದ ‘ಅಯ್ಯಪ್ಪಾ’. ಉರಿ ಶುರುವಾಗುವುದು ಕಟ್ಟಕಡೆಗೆ. ಉರಿಯ ಸುದ್ದಿ ತರುವ ನರದ ಎಳೆಗಳು ತೀರಾ ತೆಳು, ಅವಕ್ಕೆ ಕೊಬ್ಬಿನ ಹೊದಿಕೆಯೂ ಇಲ್ಲ. ಸೆಕೆಂಡಿಗೆ ಒಂದು ಮೀಟರ್ ಅಂದಾಜಿನಲ್ಲಿ ಕಾಲೆಳೆದುಕೊಂಡು ಬರುತ್ತವೆ. ಚುರುಕ್ಕೆನ್ನುವ ಮೊದಲ ನೋವಿನ ಎಳೆಗಳು ಅದರ ಹತ್ತಿಪ್ಪತ್ತು ಪಟ್ಟು ಚುರುಕು. ಅವು ತಂದ ಸುದ್ದಿ ಕುತ್ತಿಗೆಯ ಮಟ್ಟದಲ್ಲಿ ಹುರಿಯನ್ನು ಸೇರುತ್ತಿದ್ದಂತೆ ಅಲ್ಲೇ ತೀರ್ಮಾನವಾಗಿ, ತೋಳು ಮಡಚುವ ಸ್ನಾಯುಗಳಿಗೆ ಆದೇಶ ಹೊರಟುಬಿಡುತ್ತದೆ. ಒಂದು ಪ್ರತಿ ಮಿದುಳಿಗೂ ಹೋಗುತ್ತದೆ, ಮಾಹಿತಿಗಾಗಿ.

ಇಷ್ಟಾದ ಮೇಲೂ ‘ನಾನು ಕೈ ತೆಗೆದೆ’ ಎಂದು ಹೇಳಿಕೊಳ್ಳುವ ಗ್ರಾಹಕರಿದ್ದಾರೆ. ನಮ್ಮ ಆಕ್ಷೇಪಣೆ ಇಲ್ಲ.

ಪಾತ್ರೆ ಸುಮಾರು ಬಿಸಿಯಿದ್ದರೆ ಬೆರಳಷ್ಟೇ ಸರಿಯುತ್ತದೆ. ಬಿಸಿ ಏರಿದಂತೆ ಮಣಿಕಟ್ಟು, ಮೊಣಕೈ, ಕೊನೆಗೆ ಭುಜವೇ ಹಿಂದಕ್ಕೆ ಹಾರುತ್ತದೆ. ಪಾತ್ರೆ ಬಿಟ್ಟ ಮೇಲೂ ಕೈ ಒಂದು ಗಳಿಗೆ ಮಡಚಿಕೊಂಡೇ ಇರುತ್ತದೆ. ಇದು ದೋಷವಲ್ಲ, ವಿನ್ಯಾಸ.

ಇದು ಮಿದುಳಿನ ಕೆಲಸವಲ್ಲ ಎಂದು ಒಪ್ಪಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. ತತ್ತ್ವಜ್ಞಾನಿ ದೆಕಾರ್ತ್ ತೀರಿಕೊಂಡ ಮೇಲೆ 1664ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಬೆಂಕಿಯ ಪಕ್ಕ ಕಾಲಿಟ್ಟ ಹುಡುಗನ ಚಿತ್ರವಿದೆ. ಕಾಲಿನಿಂದ ಒಂದು ಎಳೆ ತಲೆಯವರೆಗೂ ಹೋಗಿದೆ. ಕೆಳಗೆ ಹಗ್ಗ ಎಳೆದರೆ ಮೇಲೆ ಗಂಟೆ ಬಾರಿಸುವ ಹಾಗೆ ಮಿದುಳಿನಲ್ಲೊಂದು ಕಂಡಿ ತೆರೆಯುತ್ತದೆ ಎಂಬುದು ಅವನ ಲೆಕ್ಕ. ಯಂತ್ರದಂತೆ ತಾನಾಗಿ ನಡೆಯುವ ಕ್ರಿಯೆ ಎಂಬ ಊಹೆ ಸರಿಯಿತ್ತು, ದಾರಿ ಮಾತ್ರ ಸುತ್ತುಬಳಸಾಯಿತು. ಎಡಿನ್‌ಬರೋದ ರಾಬರ್ಟ್ ವಿಟ್ 1751ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತಲೆಯಿಲ್ಲದ ಕಪ್ಪೆಯ ಕಾಲನ್ನು ಚಿವುಟಿದರೂ ಕಾಲು ಹಿಂದಕ್ಕೆ ಬಂತು. ಬೆನ್ನುಹುರಿಯನ್ನೂ ಕೆಡಿಸಿದ ಮೇಲೆ ಅಲುಗಲಿಲ್ಲ. ಅಲ್ಲಿಗೇ ನಿಂತಿದ್ದರೆ ವಿಷಯ ಸಲೀಸಾಗಿರುತ್ತಿತ್ತು. ನೂರು ವರ್ಷದ ಮೇಲೆ, 1853ರಲ್ಲಿ, ಜರ್ಮನಿಯ ಎಡ್ವರ್ಡ್ ಫ್ಲ್ಯೂಗರ್ ತಲೆಯಿಲ್ಲದ ಕಪ್ಪೆಯ ಮೈಗೆ ಆಮ್ಲದ ಹನಿ ತಾಗಿಸಿದ. ಕಪ್ಪೆ ಹತ್ತಿರದ ಕಾಲಿನಿಂದ ಅದನ್ನು ಒರೆಸಿಕೊಂಡಿತು. ಆ ಕಾಲನ್ನು ಕತ್ತರಿಸಿದರೆ, ಒಂದಿಷ್ಟು ತಡಕಾಡಿ ಇನ್ನೊಂದು ಕಾಲನ್ನು ತಂದು ಒರೆಸಿಕೊಂಡಿತು. ಹಾಗಾದರೆ ಬೆನ್ನುಹುರಿಗೂ ಪ್ರಜ್ಞೆಯಿದೆ, ಆತ್ಮವಿದೆ ಎಂದುಬಿಟ್ಟ ಫ್ಲ್ಯೂಗರ್. ಲೊಟ್ಸೆ ಎಂಬ ತತ್ತ್ವಜ್ಞಾನಿ ಒಪ್ಪಲಿಲ್ಲ: ಮಿದುಳು ಇದ್ದಾಗ ಕಲಿಸಿಟ್ಟ ಪಾಠವನ್ನು ಹುರಿ ಒಪ್ಪಿಸುತ್ತಿದೆ, ಅಷ್ಟೇ ಎಂದ. ಆತ್ಮ ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ನಾವು ತೀರ್ಪು ಕೊಡುವುದಿಲ್ಲ. ಮೊದಲೇ ಕಲಿಸಿಟ್ಟ ಪಾಠ ಎಂಬ ಮಾತನ್ನು ಮಾತ್ರ ಜೇಬಿನಲ್ಲಿಟ್ಟುಕೊಳ್ಳಿ, ಬಸ್ಸು ಹತ್ತುವಾಗ ಬೇಕಾಗುತ್ತದೆ.

ಕಾರ್ಯವಿಧಾನ: ಮುಳ್ಳು ತುಳಿದಾಗ

ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ಹೋಗುತ್ತಿದ್ದೀರಿ. ಬಲಗಾಲಿಗೆ ಜಾಲಿಮುಳ್ಳು. ಕಾಲು ಮೇಲೆದ್ದಿತು. ಇಲ್ಲಿಯವರೆಗೆ ಹಾಲಿನ ಪಾತ್ರೆಯ ಕಥೆಯೇ. ಆದರೆ ಕೈ ಎತ್ತಿದವರು ಬೀಳುವುದಿಲ್ಲ, ಕಾಲೆತ್ತಿದವರು ಬೀಳುತ್ತಾರೆ. ಆದ್ದರಿಂದ ಬಲಗಾಲಿನಿಂದ ಬಂದ ಸುದ್ದಿ ಹುರಿಯ ನಡುಗೆರೆ ದಾಟಿ ಎಡಭಾಗಕ್ಕೂ ಹೋಗುತ್ತದೆ. ಎಡಗಾಲನ್ನು ನೇರ ಮಾಡುವ ಸ್ನಾಯುಗಳು ಬಿಗಿಯುತ್ತವೆ, ಮಡಚುವವು ಸಡಿಲವಾಗುತ್ತವೆ. ಮೈಯ ಭಾರವೆಲ್ಲ ಎಡಗಾಲಿಗೆ ಬರುವಷ್ಟರಲ್ಲಿ ಎಡಗಾಲು ತಯಾರು. ಈ ಅಡ್ಡವ್ಯವಸ್ಥೆ ಇಲ್ಲದಿದ್ದರೆ ಅಂಗಾಲನ್ನು ಒಂದು ಮುಳ್ಳಿನಿಂದ ಉಳಿಸಿಕೊಂಡು, ಹಿಂಭಾಗವನ್ನು ಇಡೀ ಜಾಲಿ ಪೊದೆಗೆ ಒಪ್ಪಿಸುತ್ತಿದ್ದಿರಿ.

ಬಲಗಾಲಿನಲ್ಲಿ ನಡೆಯುವುದೂ ಬರೀ ಎಳೆತವಲ್ಲ. ತೊಡೆಯ ಹಿಂದಿನ ಸ್ನಾಯು ಮಂಡಿ ಮಡಚಬೇಕಾದರೆ ಮುಂದಿನದು ಬಿಟ್ಟುಕೊಡಬೇಕು. ಎರಡೂ ಒಟ್ಟಿಗೆ ಎಳೆದರೆ ಕಾಲು ಒನಕೆಯಂತೆ ಸೆಟೆದು ಇದ್ದಲ್ಲೇ ಇರುತ್ತದೆ, ಮುಳ್ಳು ಒಳಗಿಳಿಯುತ್ತದೆ. ಹಾಗಾಗಿ ಪ್ರತಿಯೊಂದು ‘ಎಳೆ’ಯ ಜೊತೆಗೆ ಎದುರು ಸ್ನಾಯುವಿಗೊಂದು ‘ಬಿಡು’ ಹೋಗುತ್ತದೆ. ಹೇಳುವವರು ನಮ್ಮ ಮಧ್ಯವರ್ತಿಗಳೇ. ಇದನ್ನು ವರ್ಷಗಟ್ಟಲೆ ಕೂತು ಬಿಡಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳು ಸಂಧಿಸುವ ಜಾಗಕ್ಕೆ ‘ಸಿನಾಪ್ಸ್’ ಎಂಬ ಹೆಸರು ಕೊಟ್ಟವನೂ ಅವನೇ, 1897ರಲ್ಲಿ. 1932ರಲ್ಲಿ ಎಡ್ಗರ್ ಏಡ್ರಿಯನ್ ಜೊತೆ ನೊಬೆಲ್ ಬಂತು. ತಡೆಯುವುದೂ ಒಂದು ಕೆಲಸ, ಸುಮ್ಮನಿರುವುದಲ್ಲ ಎಂದು ಅವನಷ್ಟು ಗಟ್ಟಿಯಾಗಿ ಹೇಳಿದವರು ಅದಕ್ಕೆ ಮೊದಲು ಕಡಿಮೆ.

ಎಡವಿದಾಗಿನ ವಿಧಾನ ಇನ್ನೂ ಸ್ವಾರಸ್ಯದ್ದು. ಕಾಲು ಗಾಳಿಯಲ್ಲಿದ್ದು ಮುಂದಕ್ಕೆ ಬರುತ್ತಿರುವಾಗ ಪಾದದ ಮೇಲ್ಭಾಗಕ್ಕೆ ಏನಾದರೂ ತಗುಲಿದರೆ, ಕಾಲು ಇನ್ನಷ್ಟು ಮೇಲೆದ್ದು ಅಡಚಣೆಯನ್ನು ದಾಟುತ್ತದೆ. ಅದೇ ಸ್ಪರ್ಶ ಕಾಲು ನೆಲದ ಮೇಲಿದ್ದಾಗ ಆದರೆ, ಕಾಲು ನೆಲವನ್ನು ಇನ್ನಷ್ಟು ಒತ್ತುತ್ತದೆ. ಸ್ವೀಡನ್ನಿನ ಹಾನ್ಸ್ ಫೋರ್ಸ್‌ಬರ್ಗ್ 1979ರಲ್ಲಿ ಬೆಕ್ಕುಗಳ ನಡಿಗೆಯಲ್ಲಿ ಇದನ್ನು ವಿವರವಾಗಿ ತೋರಿಸಿದ. ಸುದ್ದಿ ಒಂದೇ, ಉತ್ತರ ಎರಡು. ಭಾರ ಹೊತ್ತ ಕಾಲನ್ನು ಎತ್ತಬಾರದು ಎಂಬಷ್ಟು ಲೋಕಜ್ಞಾನ ಹುರಿಗಿದೆ.

ಬಲವಂತದ ತಡೆ

ನೆಂಟರ ಮುಂದೆ ಸ್ಟೀಲ್ ಲೋಟದಲ್ಲಿ ಕುದಿಯುವ ಕಾಫಿ ಹಿಡಿದು ನಿಂತಿದ್ದೀರಿ. ಬೆರಳು ಸುಡುತ್ತಿದೆ. ಲೋಟ ಬಿಟ್ಟರೆ ಕಾರ್ಪೆಟ್ಟಿಗೆ, ಮರ್ಯಾದೆಗೆ ಎರಡಕ್ಕೂ ಕಲೆ. ಹಲ್ಲು ಕಚ್ಚಿ ಟೀಪಾಯಿಯವರೆಗೆ ತಲುಪುತ್ತೀರಿ. ಮಿದುಳಿನಿಂದ ಇಳಿದು ಬರುವ ನರಗಳು ಹುರಿಯೊಳಗೆ ಆ ಎಳೆತವನ್ನು ಅದುಮಿ ಹಿಡಿದದ್ದರಿಂದ ಇದು ಸಾಧ್ಯವಾಯಿತು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಜಾತ್ರೆಯ ದಿನ ಕೊಂಡ ಹಾಯುವವರು ಈ ಸೌಲಭ್ಯದ ಅತಿ ದೊಡ್ಡ ಬಳಕೆದಾರರು. ಅಂಗಾಲು ಸುಡದಿರಲು ಕೆಂಡ ಮತ್ತು ಬೂದಿ ಶಾಖವನ್ನು ನಿಧಾನವಾಗಿ ಸಾಗಿಸುತ್ತವೆ, ಹೆಜ್ಜೆಯೂ ಚುರುಕು ಎಂಬುದು ಕಾರಣ. ಆದರೆ ಎರಡನೆಯ ಹೆಜ್ಜೆಯನ್ನು ಊರಲು ಭೌತಶಾಸ್ತ್ರವೊಂದೇ ಸಾಲದು.

ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಬಗೆ

ಕಾಲು ನೆಲಕ್ಕೆ ತಾಗದಂತೆ ಮೇಜಿನ ಅಂಚಿನಲ್ಲಿ ಕುಳಿತುಕೊಳ್ಳಿ. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ, ಸ್ನಾಯುರಜ್ಜು ಬಿಗಿದಿರುವ ಜಾಗಕ್ಕೆ ಅಂಗೈಯ ಅಂಚಿನಿಂದ ಹದವಾಗಿ ಬಡಿಯಿರಿ. ಲಟ್ಟಣಿಗೆ ಬಳಸಬೇಡಿ. ಕಾಲು ಮುಂದಕ್ಕೆ ಒದೆಯದಿದ್ದರೆ ಎರಡೂ ಕೈಬೆರಳುಗಳನ್ನು ಕೊಕ್ಕೆ ಹಾಕಿ ಪರಸ್ಪರ ಎಳೆಯುತ್ತಾ ಇನ್ನೊಮ್ಮೆ ಬಡಿಸಿಕೊಳ್ಳಿ. ಈಗ ಒದೆತ ಜೋರಾಗಿ ಬರುತ್ತದೆ. ಹಂಗೇರಿಯ ಯೆಂಡ್ರಾಶಿಕ್ 1880ರ ದಶಕದಲ್ಲಿ ಕಂಡುಕೊಂಡ ಈ ಉಪಾಯವನ್ನು ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಎದುರು ಯಾರನ್ನೂ ಕೂರಿಸಿಕೊಳ್ಳಬೇಡಿ.

ಮಂಡಿಯ ಒದೆತವನ್ನು 1875ರಲ್ಲಿ ಹೈಡೆಲ್‌ಬರ್ಗಿನ ವಿಲ್‌ಹೆಲ್ಮ್ ಎರ್ಬ್, ಬರ್ಲಿನ್ನಿನ ಕಾರ್ಲ್ ವೆಸ್ಟ್‌ಫಾಲ್ ಇಬ್ಬರೂ ಬೇರೆ ಬೇರೆಯಾಗಿ ಬರೆದು, ಒಂದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಪೆಟ್ಟು ಬಿದ್ದು ಸುಮಾರು 20 ಮಿಲಿಸೆಕೆಂಡಿನಲ್ಲಿ ತೊಡೆಯ ಸ್ನಾಯು ಎಚ್ಚೆತ್ತಿರುತ್ತದೆ. ನೀವಾಗಿ ಕಾಲಾಡಿಸಲು ಅದರ ಐದಾರು ಪಟ್ಟಾದರೂ ಹೊತ್ತು ಬೇಕು. ಇಡೀ ಉಪಕರಣದಲ್ಲಿ ಮಧ್ಯವರ್ತಿಗಳಿಲ್ಲದ ವಹಿವಾಟು ಇದೊಂದೇ ಜಾತಿಯದ್ದು: ಸುದ್ದಿ ತಂದ ನರ ನೇರವಾಗಿ ಆದೇಶದ ನರವನ್ನು ಮುಟ್ಟುತ್ತದೆ. ನಡುವೆ ಸಿನಾಪ್ಸ್ ಒಂದೇ ಎಂದು ಡೇವಿಡ್ ಲಾಯ್ಡ್ 1943ರಲ್ಲಿ ತೋರಿಸಿದ. ಆದರೂ ಎದುರು ಸ್ನಾಯುವಿಗೆ ‘ಬಿಡು’ ಹೇಳಲು ಇಲ್ಲೂ ಒಬ್ಬ ಮಧ್ಯವರ್ತಿ ಬೇಕೇ ಬೇಕು.

ವೈದ್ಯರು ಸುತ್ತಿಗೆ ಹಿಡಿದು ಹುಡುಕುವುದು ಕೇವಲ ಒದೆತವನ್ನಲ್ಲ, ಹುರಿಯ ಮಹಡಿಗಳನ್ನು. ಲೆಕ್ಕ ಸೊಗಸಾಗಿದೆ. ಹಿಮ್ಮಡಿಯದು ತ್ರಿಕಾಸ್ಥಿಯ 1, 2ನೇ ನರ. ಮಂಡಿಯದು ಸೊಂಟದ 3, 4. ತೋಳಿನ ಮುಂಭಾಗದ್ದು ಕುತ್ತಿಗೆಯ 5, 6. ಹಿಂಭಾಗದ್ದು 7, 8. ಕೆಳಗಿನಿಂದ ಮೇಲಕ್ಕೆ ಎಣಿಸಿಕೊಂಡು ಹೋದರೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳು ವೈವಾಕ್ಕೆ ಹೋಗುವ ಮುನ್ನ ಗುನುಗುವುದು ಇದನ್ನೇ.

ಇಷ್ಟೆಲ್ಲ ಏಕೆ? ಸುತ್ತಿಗೆಗೆ ಒದೆಯಲೆಂದು ಯಾರೂ ಈ ಮಾರ್ಗ ಹಾಕಿಲ್ಲ. ಪ್ರತಿ ಸ್ನಾಯುವಿನೊಳಗೂ ನೂಲುವ ಕದಿರಿನ ಆಕಾರದ ಪುಟ್ಟ ಅಳತೆಗೋಲುಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂದು ಅವು ಎಡೆಬಿಡದೆ ವರದಿ ಮಾಡುತ್ತವೆ. ಬೆನ್ನ ಮೇಲೆ ಅಕ್ಕಿಮೂಟೆ ಬಿದ್ದು ಮಂಡಿ ತುಸು ಬಾಗಿದರೆ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತದೆ, ಕದಿರು ಕೂಗುತ್ತದೆ, ಸ್ನಾಯು ಬಿಗಿಯುತ್ತದೆ, ಮಂಡಿ ನಿಲ್ಲುತ್ತದೆ. ಸುತ್ತಿಗೆಯ ಪೆಟ್ಟು ಸ್ನಾಯುರಜ್ಜುವನ್ನು ಎಳೆದು ಹುರಿಗೆ ‘ಮಂಡಿ ಕುಸಿಯುತ್ತಿದೆ’ ಎಂಬ ಸುಳ್ಳು ಸುದ್ದಿ ಕೊಡುತ್ತದೆ. ಪಾಪ, ಅದು ನಂಬುತ್ತದೆ. ಸ್ನಾಯು ತಾನೇ ಕುಗ್ಗಿದಾಗ ಒಳಗಿನ ಕದಿರು ಜೋತುಬಿದ್ದು ಮೂಕವಾಗಬಾರದೆಂದು ಅದರ ತುದಿಗಳನ್ನು ಬಿಗಿಮಾಡುವ ಪ್ರತ್ಯೇಕ ಸಣ್ಣ ನರಗಳೂ ಇವೆ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1945ರಲ್ಲಿ ಅವುಗಳ ಕೆಲಸ ಗುರುತಿಸಿದ. ಸ್ನಾಯುರಜ್ಜುವಿನಲ್ಲಿ ಎಳೆತದ ಬಲವನ್ನು ಅಳೆಯುವ ಇನ್ನೊಂದು ಮಾಪಕವಿದೆ, ಕಮಿಲ್ಲೊ ಗಾಲ್ಜಿಯ ಹೆಸರಿನದು. ವಿಪರೀತ ಭಾರ ಬಿದ್ದಾಗ ಸ್ನಾಯುವನ್ನು ಬಿಡಿಸುವುದಷ್ಟೇ ಅದರ ಕೆಲಸ ಎಂದು ಹಳೆಯ ಪುಸ್ತಕಗಳಲ್ಲಿದೆ. ಅದು ಸಣ್ಣ ಬಲಕ್ಕೂ ಸ್ಪಂದಿಸುತ್ತದೆ, ನಡೆಯುವಾಗ ಅದರ ಸುದ್ದಿಯ ಪರಿಣಾಮವೇ ತಿರುಗಿಬೀಳಬಹುದು ಎಂದು ಆಮೇಲೆ ಗೊತ್ತಾಯಿತು.

ನಿಲ್ಲುವುದು, ಮತ್ತು ಬಸ್ಸಿನಲ್ಲಿ ನಿಲ್ಲುವುದು

ಇಲ್ಲಿ ಒಂದು ಷರತ್ತನ್ನು ದಪ್ಪಕ್ಷರದಲ್ಲಿ ಹಾಕಬೇಕಿತ್ತು. ಬೆನ್ನುಹುರಿ ತಾನೊಂದೇ ನಿಮ್ಮನ್ನು ಬೀಳದಂತೆ ನಿಲ್ಲಿಸಲಾರದು. ಹುರಿ ಕತ್ತರಿಸಿದ ಬೆಕ್ಕಿನ ಮೈಯನ್ನು ಆಧಾರ ಕೊಟ್ಟು ಹಿಡಿದು ಹಿಂಗಾಲುಗಳನ್ನು ಓಡುವ ಪಟ್ಟಿಯ ಮೇಲಿಟ್ಟರೆ ಹೆಜ್ಜೆ ಹಾಕುತ್ತದೆ; ಆಧಾರ ತೆಗೆದರೆ ಪಕ್ಕಕ್ಕೆ ಉರುಳುತ್ತದೆ. ಹೆಜ್ಜೆಯ ಲಯ ಹುರಿಯಲ್ಲಿದೆ, ಸಮತೋಲ ಇಲ್ಲ. ಅದಕ್ಕೆ ಒಳಗಿವಿ, ಕಣ್ಣು, ಮಿದುಳ ಕಾಂಡ, ಕಿರುಮೆದುಳು ಎಲ್ಲರೂ ಬೇಕು. ಹುರಿ ಕೊಡುವುದು ಸುದ್ದಿ, ಮತ್ತು ಆ ಮೇಲಿನವರು ಬಳಸಿಕೊಳ್ಳಬಹುದಾದ ಸಿದ್ಧ ಚಲನೆಗಳು.

ಸುದ್ದಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಸಾಕ್ಷಿ. 1971ರಲ್ಲಿ, 19ನೇ ವಯಸ್ಸಿನಲ್ಲಿ, ಒಂದು ಜ್ವರದ ಬಳಿಕ ಕುತ್ತಿಗೆಯಿಂದ ಕೆಳಗೆ ಅವರ ಸ್ಪರ್ಶದ ಅರಿವೂ, ಕೈಕಾಲು ಎಲ್ಲಿವೆ ಎಂಬ ಅರಿವೂ ಅಳಿಸಿಹೋದವು. ಸ್ನಾಯುಗಳಿಗೆ ಹೋಗುವ ನರಗಳಿಗೆ ಏನೂ ಆಗಿರಲಿಲ್ಲ, ಬಲ ಹಾಗೇ ಇತ್ತು. ಆದರೂ ಅವರಿಗೆ ಕೂರಲು ಕೂಡ ಆಗಲಿಲ್ಲ. ಪ್ರತಿಯೊಂದು ಅಂಗವನ್ನೂ ಕಣ್ಣಿಂದ ನೋಡುತ್ತಾ, ಪ್ರತಿಯೊಂದು ಚಲನೆಯನ್ನೂ ಮನಸ್ಸಿನಲ್ಲಿ ಯೋಜಿಸುತ್ತಾ ಅವರು ಮತ್ತೆ ನಡೆಯಲು ಕಲಿತರು. ದೀಪ ಆರಿದರೆ ಬಿದ್ದುಬಿಡುತ್ತಿದ್ದರು. ಅವರ ಬಗ್ಗೆ ವೈದ್ಯ ಜೊನಾಥನ್ ಕೋಲ್ 1991ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಕೈಪಿಡಿಯ ಯಾವ ಪುಟವೂ ಅವರ ಉಪಯೋಗಕ್ಕೆ ಬರುತ್ತಿರಲಿಲ್ಲ. ನೀವು ಹುಟ್ಟಾ ಪಡೆದದ್ದನ್ನೆಲ್ಲ ಅವರು ಕೈಯಾರೆ ಮಾಡಬೇಕಾಯಿತು.

ಈಗ ಬಸ್ಸು. ಚಾಲಕರು ಬ್ರೇಕ್ ಒತ್ತುತ್ತಾರೆ, ಮೈ ಮುಂದಕ್ಕೆ ವಾಲುತ್ತದೆ, ಮೀನಖಂಡ ಹಿಗ್ಗುತ್ತದೆ, ಅದು ಬಿಗಿದು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಈ ಉತ್ತರ ಬರುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಸುಮಾರಿಗೆ: ಮಂಡಿಯ ಒದೆತಕ್ಕಿಂತ ತಡ, ನೀವಾಗಿ ಮಾಡುವುದಕ್ಕಿಂತ ಬೇಗ. ಅಷ್ಟು ಹೊತ್ತಿನಲ್ಲಿ ಹುರಿಯ ಮೇಲಿನವರೂ ಬಾಯಿ ಹಾಕಿರುತ್ತಾರೆ. ಅಮೆರಿಕದ ಲೂಯಿಸ್ ನ್ಯಾಶ್ನರ್ 1976ರಲ್ಲಿ ಜನರನ್ನು ಅಲುಗುವ ಹಲಗೆಯ ಮೇಲೆ ನಿಲ್ಲಿಸಿದರು. ಹಲಗೆ ಹಿಂದಕ್ಕೆ ಜಾರಿದಾಗ ಮೀನಖಂಡ ಹಿಗ್ಗಿ, ಬಿಗಿದು ನೆರವಾಯಿತು. ಬಳಿಕ ಹಲಗೆಯನ್ನು ಕಾಲ್ಬೆರಳು ಮೇಲೇಳುವಂತೆ ಓರೆ ಮಾಡಿದರು. ಈಗಲೂ ಮೀನಖಂಡ ಹಿಗ್ಗುತ್ತದೆ, ಆದರೆ ಬಿಗಿದರೆ ಮೈ ಹಿಂದಕ್ಕೆ ಬೀಳುತ್ತದೆ! ಮೊದಲ ಸಲ ಬಿಗಿಯಿತು. ನಾಲ್ಕಾರು ಸಲದ ಹೊತ್ತಿಗೆ ಆ ಉತ್ತರ ಕುಗ್ಗಿತು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಇದಕ್ಕಿಂತ ಚಂದದ್ದು ಲಂಡನ್ನಿನ ಮಾರ್ಸ್‌ಡೆನ್, ಮರ್ಟನ್, ಮಾರ್ಟನ್ ಎಂಬ ಮೂವರು 1981ರಲ್ಲಿ ಬರೆದದ್ದು. ನಿಂತಿರುವವನ ಒಂದು ಕೈಯನ್ನು ಫಕ್ಕನೆ ಎಳೆಯುತ್ತಾರೆ. ಇನ್ನೊಂದು ಕೈ ಮೇಜನ್ನು ಹಿಡಿದಿದ್ದರೆ ಆ ತೋಳಿನ ಹಿಂಭಾಗದ ಸ್ನಾಯು ತಕ್ಷಣ ಬಿಗಿದು ಮೈಯನ್ನು ತಡೆಯುತ್ತದೆ. ಆ ಕೈಯಲ್ಲಿ ಟೀ ತುಂಬಿದ ಕಪ್ಪಿದ್ದರೆ ಅದೇ ಸ್ನಾಯು ಸಡಿಲವಾಗುತ್ತದೆ, ಟೀ ಚೆಲ್ಲದಿರಲಿ ಎಂದು. ಎಳೆತ ಒಂದೇ, ಆಲೋಚಿಸಲು ಹೊತ್ತಿಲ್ಲ. ಆದರೂ ಕೈಯಲ್ಲಿ ಏನಿದೆ ಎಂಬುದು ಲೆಕ್ಕಕ್ಕೆ ಬಂದಿದೆ. ಜೇಬಿನಿಂದ ಲೊಟ್ಸೆಯನ್ನು ತೆಗೆಯಿರಿ. ಉಪಕರಣ ನಿಮ್ಮನ್ನು ಆ ಕ್ಷಣದಲ್ಲಿ ಕೇಳುವುದಿಲ್ಲ, ಮೊದಲೇ ಕೇಳಿಟ್ಟುಕೊಂಡಿರುತ್ತದೆ. ಉಪಕರಣ ನಿಮ್ಮ ಅಪ್ಪಣೆ ಕೇಳುವುದಿಲ್ಲ ಎಂದು ಮೇಲೆ ಅಚ್ಚಾಗಿರುವುದನ್ನು ಅಷ್ಟರಮಟ್ಟಿಗೆ ತಿದ್ದಿ ಓದಿಕೊಳ್ಳಿ.

ಬ್ರೇಕ್ ಕಳಚಿದಾಗ

‘ಬೇಡ’ ಎನ್ನುವವರ ಬೆಲೆ ತಿಳಿಯಬೇಕಾದರೆ ಅವರ ಬಾಯಿ ಕಟ್ಟಬೇಕು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. ಹುರಿಯ ಮಧ್ಯವರ್ತಿಗಳು ‘ನಿಲ್ಲು’ ಎನ್ನಲು ಬಳಸುವ ಗ್ಲೈಸಿನ್ ಎಂಬ ರಾಸಾಯನಿಕಕ್ಕೆ ಅದು ಬಾಗಿಲು ಮುಚ್ಚುತ್ತದೆ. ಆಮೇಲೆ ಬಾಗಿಲು ಕಿರುಗುಟ್ಟಿದರೂ, ಯಾರಾದರೂ ಮೈ ಮುಟ್ಟಿದರೂ, ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿದು ಮೈ ಕಮಾನಾಗುತ್ತದೆ. ಪ್ರಜ್ಞೆ ಸ್ಪಷ್ಟವಾಗಿಯೇ ಇರುತ್ತದೆ, ಅದೇ ಕ್ರೌರ್ಯ. ಧನುರ್ವಾಯುವಿನ ರೋಗಾಣುವಿನ ವಿಷ ಅದೇ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡುತ್ತದೆ: ಗಾಯದ ಹತ್ತಿರದ ನರಗಳ ಗುಂಟ ಹುರಿಗೆ ಏರಿ, ಅಲ್ಲಿ ‘ನಿಲ್ಲು’ ಎಂಬ ರಾಸಾಯನಿಕ ಹೊರಬರದಂತೆ ತಡೆಯುತ್ತದೆ. ಹೊಕ್ಕುಳಬಳ್ಳಿಯನ್ನು ಕೊಳಕು ಕತ್ತಿಯಿಂದ ಕುಯ್ದ ಕಾಲದಲ್ಲಿ ಎಷ್ಟೋ ಹಸುಗೂಸುಗಳು ಹೀಗೆ ಹೋದವು. ಬಸುರಿಯರಿಗೆ ಕೊಡುತ್ತಿದ್ದ ಟಿ.ಟಿ. ಚುಚ್ಚುಮದ್ದು ಮತ್ತು ಸ್ವಚ್ಛ ಹೆರಿಗೆಯಿಂದಾಗಿ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ತೊಡೆದುಹಾಕಿದೆ ಎಂದು 2015ರಲ್ಲಿ ದೃಢಪಟ್ಟಿತು. ತುಕ್ಕು ಹಿಡಿದ ಮೊಳೆ ತುಳಿದರೆ ನಿಮ್ಮ ಅಜ್ಜಿ ಹೇಳಿದ ಅರಿಶಿನವನ್ನು ಆಮೇಲೆ ನೋಡೋಣ, ಮೊದಲು ಚುಚ್ಚುಮದ್ದು.

ದೋಷ ಪತ್ತೆ

ಒದೆತ ಬಾರದಿದ್ದರೆ: ಸುದ್ದಿ ಬಂದು ಆದೇಶ ಹೋಗುವ ದಾರಿಯ ಯಾವ ತುಂಡು ಹರಿದಿದೆ ಎಂದು ನೋಡಬೇಕು. ಪೋಲಿಯೊ ಆದೇಶದ ನರಕೋಶಗಳನ್ನೇ ತಿಂದುಹಾಕುತ್ತಿತ್ತು. ಕಾಲು ತೆಳ್ಳಗಾಗಿ ಜೋಲುಬೀಳುತ್ತಿತ್ತು, ಸುತ್ತಿಗೆಗೆ ಉತ್ತರವಿರಲಿಲ್ಲ. ದೇಶದಲ್ಲಿ ಸಹಜ (ವೈಲ್ಡ್) ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರದ್ದು, 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರವೂ ಬಂತು. ಸಕ್ಕರೆ ಕಾಯಿಲೆ ಸುದ್ದಿಯ ನರಗಳನ್ನು ಸವೆಸುತ್ತದೆ, ಉದ್ದದವನ್ನು ಮೊದಲು. ಆದ್ದರಿಂದಲೇ ಹಿಮ್ಮಡಿಯ ಒದೆತ ಎಲ್ಲಕ್ಕಿಂತ ಮುಂಚೆ ಹೋಗುತ್ತದೆ. ವಯಸ್ಸಾದವರಲ್ಲಿ ಕಾಯಿಲೆಯಿಲ್ಲದೆಯೂ ಅದು ಕಾಣದಿರಬಹುದು, ಗಾಬರಿ ಬೇಡ. ಆದರೆ ಅಂಗಾಲಿನ ನೋವೇ ಅಳಿಸಿದ್ದರೆ ಮುಳ್ಳಿನ ವಿಧಾನ ಕೆಲಸ ಮಾಡುವುದಿಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪಾಲ್ ಬ್ರ್ಯಾಂಡ್ ಕಂಡದ್ದು ಇದನ್ನೇ: ಬೆರಳುಗಳು ಕೊಳೆತು ಉದುರುತ್ತಿರಲಿಲ್ಲ, ನೋವಿಲ್ಲದ್ದರಿಂದ ಬಿಸಿ ಪಾತ್ರೆಗೂ ಗಾಯಕ್ಕೂ ಸಿಕ್ಕಿ ಸವೆಯುತ್ತಿದ್ದವು. ಅಂಥವರು ಪ್ರತಿ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು; ಉಪಕರಣ ಮಾಡುತ್ತಿದ್ದ ಕಾವಲನ್ನು ಕಣ್ಣು ಮಾಡಬೇಕು.

ಒದ್ದ ಕಾಲು ಆರಾಮಾಗಿ, ಬಹಳ ನಿಧಾನವಾಗಿ ವಾಪಸಾದರೆ: ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಒದೆತ ವಿಪರೀತವಾದರೆ: ಮೇಲಿನ ತಂತಿ ಕಡಿದಿರಬಹುದು. ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದಾಗ ಹೆಬ್ಬೆರಳು ಕೆಳಗೆ ಬಾಗಬೇಕು. ಮೇಲೆದ್ದರೆ ಮಿದುಳಿನಿಂದ ಹುರಿಗೆ ಬರುವ ಮಾರ್ಗದಲ್ಲಿ ತೊಂದರೆ. ಜೋಸೆಫ್ ಬಾಬಿನ್ಸ್ಕಿ ಇದನ್ನು 1896ರಲ್ಲಿ ಹೇಳಿದ. ಕೈಗೂಸಿನಲ್ಲಿ ಮಾತ್ರ ಹೆಬ್ಬೆರಳು ಮೇಲೇಳುವುದೇ ಸರಿ, ಅಲ್ಲಿ ಮೇಲಿನ ಮಾರ್ಗದ ಕಾಮಗಾರಿ ಇನ್ನೂ ಮುಗಿದಿರುವುದಿಲ್ಲ. ರಸ್ತೆ ಅಪಘಾತದಲ್ಲಿ ಹುರಿ ತುಂಡಾದವರ ಕಾಲುಗಳು ಮೊದಲ ಕೆಲವು ದಿನ ಅಥವಾ ವಾರ ಪೂರ್ತಿ ನಿಶ್ಶಬ್ದ. ಆಮೇಲೆ ಪ್ರತಿಕ್ರಿಯೆಗಳು ಮರಳುತ್ತವೆ, ಅನೇಕ ಸಲ ಹುಚ್ಚೆದ್ದು. ಹೊದಿಕೆ ಎಳೆದಾಗ ಕಾಲು ಮಡಚಿಕೊಂಡದ್ದನ್ನು ಕಂಡು ಮನೆಯವರು ನಡಿಗೆ ಬಂತೆಂದು ಸಿಹಿ ಹಂಚುವುದುಂಟು. ಅದನ್ನು ಬಿಡಿಸಿ ಹೇಳುವ ಕೆಲಸ ವಾರ್ಡಿನ ಕಿರಿಯ ವೈದ್ಯರ ಪಾಲಿಗೆ ಬರುತ್ತದೆ, ಅದಕ್ಕೆ ಯಾವ ಕೈಪಿಡಿಯೂ ಇಲ್ಲ.

ಕಣ್ಣು ಮುಚ್ಚಿದಾಗ ವಾಲಿದರೆ: ಮುಖಕ್ಕೆ ಸೋಪು ಹಚ್ಚಿಕೊಂಡಾಗ ಬಚ್ಚಲಿನಲ್ಲಿ ತೂರಾಡುವವರು ಪಾದ ಜೋಡಿಸಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ ನೋಡಲಿ. ಬರ್ಲಿನ್ನಿನ ರೋಂಬರ್ಗ್ ಹೇಳಿದ ಪರೀಕ್ಷೆ. ಕಣ್ಣು ತೆರೆದಾಗ ಸರಿಯಿದ್ದು, ಮುಚ್ಚಿದಾಗ ಬಿದ್ದರೆ ಕಾಲಿನ ಸುದ್ದಿ ಮೇಲಕ್ಕೆ ಸರಿಯಾಗಿ ತಲುಪುತ್ತಿಲ್ಲದಿರಬಹುದು.

ಸುಧಾರಿತ ಆವೃತ್ತಿ

ಚುರುಕಾದ ರಿಫ್ಲೆಕ್ಸ್ ಒಳ್ಳೆಯದು ಎಂದು ಕ್ರಿಕೆಟ್ ವೀಕ್ಷಕ ವಿವರಣೆಗಾರರು ನಂಬಿಸಿದ್ದಾರೆ. ಸ್ಲಿಪ್ಪಿನಲ್ಲಿ ಕ್ಯಾಚ್ ಹಿಡಿಯುವುದು ಬೆನ್ನುಹುರಿಯ ಕೆಲಸವೇ ಅಲ್ಲ ಎಂಬುದು ಹಾಗಿರಲಿ. ಡೆನ್ಮಾರ್ಕಿನ ಸಂಶೋಧಕರು 1993ರಲ್ಲಿ ರಾಯಲ್ ಡ್ಯಾನಿಶ್ ಬ್ಯಾಲೆಯ ನರ್ತಕರ ಮೀನಖಂಡದ ಪ್ರತಿಕ್ರಿಯೆಯನ್ನು, ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಅಳೆದರು. ಪಳಗಿದ ಕ್ರೀಡಾಪಟುಗಳಿಗಿಂತ ನರ್ತಕರಲ್ಲಿ ಅದು ಚಿಕ್ಕದಾಗಿತ್ತು. ಬೆರಳ ತುದಿಯ ಮೇಲೆ ನಿಲ್ಲುವವರಿಗೆ ಪ್ರತಿ ಸಣ್ಣ ಹಿಗ್ಗಿಗೂ ಜಗ್ಗುವ ಮೀನಖಂಡ ಉಪದ್ರವವೇ. ವರ್ಷಗಳ ಅಭ್ಯಾಸ ಅದರ ಬಾಯಿ ಮುಚ್ಚಿಸಿರಬೇಕು. ಭರತನಾಟ್ಯದವರನ್ನು ಹೀಗೆ ಅಳೆಯಲು ಯಾರಾದರೂ ಬೆಂಗಳೂರಿನಲ್ಲಿ ಮನಸ್ಸು ಮಾಡಬಹುದು. ಸಲಕರಣೆ ದುಬಾರಿಯೇನಲ್ಲ.

ಬಿಡಿಭಾಗ ಮತ್ತು ದುರಸ್ತಿ

ಬಿಡಿಭಾಗಗಳು ದೊರೆಯುವುದಿಲ್ಲ. ಸೊಂಟನೋವು ಸಾಮಾನ್ಯ, ಬಹುಪಾಲು ತಾನಾಗಿ ಇಳಿಯುತ್ತದೆ. ಆದರೆ ಸೊಂಟನೋವಿನ ಜೊತೆ ಎರಡೂ ಕಾಲು ಸೋಲುತ್ತಿದ್ದರೆ, ಸೈಕಲ್ ಸೀಟಿಗೆ ತಾಗುವ ಜಾಗ ಜೋಮು ಹಿಡಿದಿದ್ದರೆ, ಮೂತ್ರ ಕಟ್ಟಿದ್ದರೆ ಅಥವಾ ತಿಳಿಯದೆ ಹೋಗುತ್ತಿದ್ದರೆ, ಮೊದಲ ಪುಟದ ಕುದುರೆ ಬಾಲ ನಜ್ಜಾಗುತ್ತಿದೆ ಎಂದರ್ಥ. ಎಣ್ಣೆ ಹಚ್ಚಿಸಬೇಡಿ, ಬೆನ್ನು ತುಳಿಸಬೇಡಿ, ಸೋಮವಾರದವರೆಗೆ ಕಾಯಬೇಡಿ. ಎಂಆರ್‌ಐ ಮತ್ತು ನರ ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆ ಯಾವುದೆಂದು ಫೋನಿನಲ್ಲಿ ಕೇಳಿಕೊಂಡು, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿ ಹತ್ತಿ. ತಡವಾದಷ್ಟೂ ಮೂತ್ರಕೋಶದ ಹಿಡಿತ ವಾಪಸು ಬರುವುದು ಕಷ್ಟ. ಈ ಪುಟ ಓದಿ ಮುಗಿಸುವ ಅಗತ್ಯವೂ ಇಲ್ಲ, ಹೊರಡಿ.